ಸಿಮೆಂಟಿನ ಊರು ಮತ್ತು ನಾವು

ಹಳ್ಳಿ ನೋಡಲಿಕ್ಕೆ ಟಿಕೇಟು ತೆಗೆಸಬೇಕು ಅಂದರೆ ನಮ್ಮ ಓಣಿಯ ಜನ ನಗುತ್ತಾರೆ. ಹಳ್ಳಿಯನ್ನು ಅವರು ದಿನಾ ಬೆಳಗಾದರೆ ನೋಡುತ್ತಾರೆ, ಅದೂ ಪುಕ್ಕಟೆ. ಹಾಗಂತ ಪೂರಾ ಪುಕ್ಕಟೆಯೂ ಅಲ್ಲ. ಊರ ಬಾವಿಯ ಕಡೆ ನೋಡಿದ್ದಕ್ಕೆ, ಗುಡಿಯ ಬಾಗಿಲ ಕಡೆ ನೋಡಿದ್ದಕ್ಕೆ, ಗೌಡರ ಮುಖವನ್ನು ತಲೆಯೆತ್ತಿ ನೋಡಿದ್ದಕ್ಕೆ ನಮ್ಮ ಹಿರಿಯರು ತೆತ್ತ ಬೆಲೆಗೆ ಯಾವ ಟಿಕೇಟೂ ಸಮ ಬರುವುದಿಲ್ಲ.

ಆದರೂ ಹೋದೆವು. ನಾವು ಅಂದರೆ ಮಾದರ ಓಣಿಯ ನಾಲ್ಕು ಜನ ಗೆಳೆಯರು. ಅದರಲ್ಲಿ ಇಬ್ಬರು ನಮ್ಮ ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿ ಡಿಗ್ರಿ ಮುಗಿಸಿದವರು. ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರ. ಇನ್ನೊಬ್ಬ ಗೌಂಡಿ ಕೆಲಸ ಮಾಡುವವನು. ಜೊತೆಗೆ ಎಂಬತ್ತರ ಹತ್ತಿರದ ನಮ್ಮ ಆಯಿ. ಸಾಲಿಯ ಹುಡುಗರೆಲ್ಲಾ ಪ್ರವಾಸಕ್ಕೆ ಹೋಗಿ ಬಂದು ಆ ಜಾಗದ ಸುದ್ದಿ ಹೇಳಿ ಹೇಳಿ ಆಯಿಯ ಕಿವಿ ತುಂಬಿಸಿದ್ದರು. “ಸಿಮಿಟಿನ ಮಂದಿ ಖರೇ ಮಂದಿಗತೆ ಅದಾರಂತ, ಕರಕೊಂಡ ಹೋಗ್ರೋ” ಅಂತ ಆಕೆ ಗಂಟು ಬಿದ್ದಳು. ಆಕೆಯ ಬಯಕೆಗೆ ನಾವು ಹೊರಟೆವು.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಹುಬ್ಬಳ್ಳಿ ದಾಟಿ ಹಾವೇರಿಯ ಕಡೆ ಬರುವಾಗ ಶಿಗ್ಗಾವಿ ತಾಲೂಕಿನ ಗೋಟಗೋಡಿ ಸಿಗುತ್ತದೆ. ಅಲ್ಲಿಯೇ ಉತ್ಸವ ರಾಕ್ ಗಾರ್ಡನ್. ಹೆಸರಿಗೆ ಕಲ್ಲಿನ ತೋಟ. ಒಳಗೆ ಹೋದರೆ ಕಾಣುವುದು ಸಿಮೆಂಟಿನ ಊರು. ಇದನ್ನು ಕಟ್ಟಿದವರು ಕಲಾವಿದ ಟಿ. ಬಿ. ಸೊಲಬಕ್ಕನವರ. ಬಯಲಾಟ, ದೊಡ್ಡಾಟಗಳಿಗೂ ದುಡಿದವರು, 2020ರಲ್ಲಿ ತೀರಿಕೊಂಡರು. ಸಾವಿರಕ್ಕೂ ಮಿಕ್ಕಿ ಶಿಲ್ಪಗಳು ಅಲ್ಲಿವೆ. ಡಾ. ರಾಜ್‌ಕುಮಾರರ ಸಿನಿಮಾ ಪಾತ್ರಗಳಿವೆ. ಅದಕ್ಕಿಂತ ಹೆಚ್ಚಾಗಿ ಉತ್ತರ ಕರ್ನಾಟಕದ ಒಂದು ಹಳೆಯ ಹಳ್ಳಿಯೇ ಇದೆ: ಒಕ್ಕಲುತನ ಮಾಡುವವರು, ದನ ಕಾಯುವವರು, ಕುರಿ ಮೇಯಿಸುವವರು, ಮನೆಗೆಲಸದ ಹೆಂಗಸರು, ಕೈಕಸುಬಿನವರು. ಎಲ್ಲ ಆಳೆತ್ತರ, ಎಲ್ಲಕ್ಕೂ ಜೀವಂತ ಬಣ್ಣ. ದೂರದಿಂದ ನೋಡಿದರೆ ಯಾರು ನೋಡಲು ಬಂದವರು, ಯಾರು ನೋಡಿಸಿಕೊಳ್ಳಲು ನಿಂತವರು ಅಂತ ತಟ್ಟನೆ ತಿಳಿಯುವುದಿಲ್ಲ.

ಗೌಂಡಿ ಗೆಳೆಯನಿಗೆ ಮೊದಲು ಕಂಡದ್ದು ಕೆಲಸ. ಆತ ಶಿಲ್ಪದ ಮುಖ ನೋಡಲಿಲ್ಲ, ಮೊಣಕಾಲು ನೋಡಿದ. ಇಂಥ ಕೆಲಸ ಹೇಗೆ ಎದ್ದು ನಿಲ್ಲುತ್ತದೆ ಅಂತ ಹೇಳುತ್ತಾ ಹೋದ. ಮೊದಲು ಕಬ್ಬಿಣದ ಸರಳಿನಲ್ಲಿ ಎಲುಬಿನ ಗೂಡು ಕಟ್ಟಬೇಕು. ಅದಕ್ಕೆ ತಂತಿಯ ಜಾಳಿಗೆ ಸುತ್ತಬೇಕು. ಆಮೇಲೆ ಮರಳು ಸಿಮೆಂಟು ಕಲಸಿ ಒಂದೊಂದೇ ಪದರು ಹಚ್ಚಬೇಕು. ಬಿಗಿಯುವ ಮೊದಲೇ ಕರಣಿಯಲ್ಲಿ, ಬೆರಳಲ್ಲಿ ರೂಪ ತೀಡಬೇಕು, ತಡವಾದರೆ ಮಾತು ಕೇಳುವುದಿಲ್ಲ. ದಿನಗಟ್ಟಲೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಸೀಳು ಬಿಡುತ್ತದೆ. ಬಯಲಲ್ಲಿ ನಿಂತದ್ದಕ್ಕೆ ಬಿಸಿಲು ಮಳೆ ಎರಡೂ ಶತ್ರು. ಬಣ್ಣ ಮತ್ತೆ ಮತ್ತೆ ಬಳಿಯಬೇಕು. “ಇದು ಒಬ್ಬರ ಕೈ ಕೆಲಸ ಅಲ್ಲ. ಇದರ ಹಿಂದ ಬುಟ್ಟಿ ಹೊತ್ತವರು ಭಾಳ ಮಂದಿ ಇರತಾರ” ಅಂದ. ಊರ ಮಂದಿಯ ಮನೆಗಳಿಗೆಲ್ಲಾ ಸಿಮೆಂಟು ಹೊತ್ತು, ಕೆಲಸ ಮುಗಿದ ಮರುದಿನ ಅದೇ ಮನೆಯ ಹೊಸ್ತಿಲಾಚೆ ನಿಂತ ಮೈ ಅದು. ಸಿಮೆಂಟನ್ನು ಕಂಡರೆ ಅದರ ಕಣ್ಣಿಗೆ ಮೊದಲು ಕಾಣುವುದು ಹೊತ್ತವರೇ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ನಾಡಿನ ಶಿಲ್ಪದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿ ಅಲ್ಲ. ನಮ್ಮ ದೊಡ್ಡ ದೊಡ್ಡ ಗುಡಿಗಳ ಗೋಡೆಗಳಲ್ಲಿ ನಿಂತವರು ದೇವರು, ದೇವತೆಗಳು, ರಾಜರು, ಅವರ ಆನೆ ಕುದುರೆಗಳು. ಕಲ್ಲು ಕಿತ್ತವನು, ಕಲ್ಲು ಹೊತ್ತವನು ಗೋಡೆಗೆ ಬೆನ್ನು ಕೊಟ್ಟನೇ ಹೊರತು ಗೋಡೆಯಲ್ಲಿ ಮುಖ ಪಡೆಯಲಿಲ್ಲ. ಸಾಮಾನ್ಯ ಮನುಷ್ಯ ಕಲ್ಲಿನಲ್ಲಿ ಮೂಡಿದ್ದು ವೀರಗಲ್ಲುಗಳಲ್ಲಿ. ಊರ ದನ ಬಿಡಿಸಲು, ಊರ ಗಡಿ ಕಾಯಲು ಹೋಗಿ ಸತ್ತವರು ಅವರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕೈಹಿಡಿದು ಒಯ್ಯುವುದು, ಮೇಲೆ ಲಿಂಗದ ಎದುರು ಕೂತದ್ದು. ಅಂದರೆ ದುಡಿಯುವವನು ಕಲ್ಲಾಗಬೇಕಾದರೆ ಸಾಯಬೇಕಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ದುಡಿಯುವವರು ದುಡಿಯುತ್ತಲೇ ನಿಂತಿದ್ದಾರೆ. ಬಗ್ಗಿದ ಬೆನ್ನಿಗೆ, ಕೆಸರು ಮೆತ್ತಿದ ಕಾಲಿಗೆ ಒಂದು ತೋಟವನ್ನೇ ಬಿಟ್ಟುಕೊಟ್ಟ ಆ ಕಲಾವಿದನಿಗೆ ನಾವು ಕೈ ಮುಗಿಯುತ್ತೇವೆ. ಮುಗಿದ ಮೇಲೆ ಮಾತಾಡುತ್ತೇವೆ.

ಆಯಿ ಕೆಲಸದ ಹೆಂಗಸರ ಶಿಲ್ಪಗಳ ಮುಂದೆ ಬಹಳ ಹೊತ್ತು ನಿಂತಳು. “ಬೆನ್ನ ನೋಡ... ಖರೇ ಬೆನ್ನು. ನೋಡಿ ಮಾಡ್ಯಾನ ತಮ್ಮಾ, ಸುಮ್ಮನ ಮಾಡಿಲ್ಲ” ಅಂದಳು. ನೋಡಿ ಮಾಡ್ಯಾನ ಅನ್ನುವುದಕ್ಕಿಂತ ದೊಡ್ಡ ವಿಮರ್ಶೆ ಯಾವ ಪಂಡಿತ ಬರೆದಾನು? ಅರವತ್ತು ವರ್ಷ ಬಗ್ಗಿದ ಬೆನ್ನು ಇನ್ನೊಂದು ಬೆನ್ನಿಗೆ ಕೊಟ್ಟ ಸರ್ಟಿಫಿಕೇಟು ಅದು.

ಮುಂದೆ ಹಳೆಯ ಕಾಲದ ದೊಡ್ಡಮನೆ ಬಂತು. ವಾಡೆ ಅನ್ನುತ್ತೇವಲ್ಲ, ಅಂಥದ್ದು. ಮುಂದಿನ ಬಾಗಿಲಲ್ಲಿ ಜನ ಹೋಗುತ್ತಾ ಬರುತ್ತಾ ಇದ್ದರು. ಆಯಿ ಮನೆಯ ಪಕ್ಕಕ್ಕೆ ತಿರುಗಿ ನಡೆದುಬಿಟ್ಟಳು. ಎಲ್ಲಿಗೆ ಆಯಿ ಅಂತ ಕೂಗಿದರೆ, “ಹಿತ್ತಲ ಬಾಗಲಾ ಎತ್ತಾಗೈತಿ?” ಅಂದಳು. ಆಕೆ ಹೆದರಿರಲಿಲ್ಲ, ಸಂಕೋಚವೂ ಇರಲಿಲ್ಲ. ಅಂಗಡಿ ಎಲ್ಲೈತಿ, ಬಸ್‌ಸ್ಟ್ಯಾಂಡ್ ಎಲ್ಲೈತಿ ಅಂತ ಕೇಳಿದ ಹಾಗೆ ಕೇಳಿದಳು. ದೊಡ್ಡಮನೆಗೆ ಆಕೆ ಬಲ್ಲ ಬಾಗಿಲು ಅದೊಂದೇ. ಸಗಣಿ ಬಳಿಯಲು ಹೋಗುವ ಬಾಗಿಲು, ರೊಟ್ಟಿ ಬೇಡಲು ನಿಲ್ಲುವ ಬಾಗಿಲು. ನಾವು ಆಕೆಯ ಕೈ ಹಿಡಿದು ಮುಂದಿನ ಬಾಗಿಲಿನಿಂದಲೇ ಕರೆದುಕೊಂಡು ಹೋದೆವು. ಒಳಗೆ ಹೋದ ಮೇಲೆ ಆಕೆ ಸುತ್ತ ನೋಡಿದಳು. ಸಿಮೆಂಟಿನ ಮನುಷ್ಯರ ಮುಖ ಒಂದೊಂದಾಗಿ ನೋಡಿದಳು. ಆಮೇಲೆ ನಕ್ಕಳು. “ಛಲೋ ಊರ ಬಿಡೋ ಇದು. ಯಾರೂ ಬೈಯಾಂಗಿಲ್ಲ” ಅಂದಳು.

ಯಾರೂ ಬೈಯಾಂಗಿಲ್ಲ. ಇದನ್ನು ಬಿಚ್ಚಿ ನೋಡೋಣ.

ಶಿಲ್ಪಕ್ಕೆ ಕೈ ಬರುತ್ತದೆ, ಕೈಯಲ್ಲಿನ ಸಲಕರಣೆ ಬರುತ್ತದೆ, ಬೆನ್ನಿನ ಬಾಗು ಬರುತ್ತದೆ, ಹರಿದ ಧೋತರದ ಮಡಿಕೆಯೂ ಬರುತ್ತದೆ. ಬಾರದೇ ಇರುವುದು ಎರಡು. ಒಂದು ಬಾಯಿ. ಲೇ, ಏನಲೇ, ಏ ಮಾದಿಗ್ಯಾ ಅಂತ ಕರೆಯುವ ಬಾಯಿ ಸಿಮೆಂಟಿಗೆ ಇಲ್ಲ. ಹೆಸರು ಹಿಡಿದು ಕರೆಯದೆ ಜಾತಿ ಹಿಡಿದು ಕರೆಯುವ ಊರಿನ ಸದ್ದು ಅಲ್ಲಿ ಕೇಳುವುದಿಲ್ಲ. ಎರಡನೆಯದು ಅಂತರ. ಅಸ್ಪೃಶ್ಯತೆ ಅನ್ನುವುದು ಒಂದು ವಸ್ತು ಆಗಿದ್ದರೆ ಯಾರಾದರೂ ಕಡೆದು ನಿಲ್ಲಿಸುತ್ತಿದ್ದರು. ಅದು ವಸ್ತು ಅಲ್ಲ, ಇಬ್ಬರು ಮನುಷ್ಯರ ನಡುವಿನ ಖಾಲಿ ಜಾಗ. ಕೊಡದಿಂದ ಬೊಗಸೆಗೆ ಎತ್ತರದಿಂದ ಬೀಳುವ ನೀರಿನ ಉದ್ದ ಅದು. ಅಂಗಡಿಯವನ ಕೈಗೂ ನಮ್ಮ ಅಂಗೈಗೂ ನಡುವೆ ಚಿಲ್ಲರೆ ಹಾರುವ ಗಾಳಿ ಅದು. ಊರ ಕೊನೆಯ ಮನೆಗೂ ಕೇರಿಯ ಮೊದಲ ಮನೆಗೂ ನಡುವಿನ ಜಾಲಿಗಿಡದ ಬಯಲು ಅದು. ಖಾಲಿ ಜಾಗಕ್ಕೆ ಸರಳು ಕಟ್ಟುವುದು ಹೇಗೆ? ಜಾಳಿಗೆ ಸುತ್ತುವುದು ಎಲ್ಲಿಗೆ? ಕೇರಿಯ ಮನುಷ್ಯನನ್ನು ಮಾಡಿ ನಿಲ್ಲಿಸಬಹುದು. ಕೇರಿಯನ್ನು ಮಾಡಿ ನಿಲ್ಲಿಸುವುದು ಕಷ್ಟ. ಇದು ಒಬ್ಬ ಕಲಾವಿದನ ಕೊರತೆ ಅಲ್ಲ, ಆ ಕಲೆಯ ಸಾಧನಕ್ಕೇ ಇರುವ ಗಡಿ. ಗಡಿ ಇದೆ ಅಂತ ನೋಡುವವರಿಗೆ ಗೊತ್ತಿರಬೇಕು, ಅಷ್ಟೇ ನಮ್ಮ ಮಾತು.

ಸುತ್ತಾಡಿ ದಣಿದು ಆಯಿ ಒಂದು ಗಿಡದ ನೆರಳಲ್ಲಿ ಕಟ್ಟೆಯ ಮೇಲೆ ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದಳು. ಕೂತರೆ ಆಕೆ ಅಲುಗುವವಳಲ್ಲ. ನಗರದಿಂದ ಬಂದ ಒಂದು ಕುಟುಂಬದ ಸಣ್ಣ ಹುಡುಗ ಓಡಿ ಬಂದು ಆಕೆಯ ಗಲ್ಲ ಮುಟ್ಟಿ ನೋಡಿತು. ಆಯಿ “ಏನ ಮಗಾ?” ಅಂದಳು. ಹುಡುಗ ಚಿಟ್ಟನೆ ಚೀರಿ ತಾಯಿಯ ಕಡೆ ಓಡಿತು. ಅವರೂ ನಕ್ಕರು, ನಾವೂ ನಕ್ಕೆವು, ಎಲ್ಲರಿಗಿಂತ ಹೆಚ್ಚು ಆಯಿ ನಕ್ಕಳು. “ಅಜ್ಜೀ, ಬೇಜಾರು ಮಾಡ್ಕೋಬೇಡಿ, ನೀವೂ ಗೊಂಬೆ ಅಂದ್ಕೊಂಡ್ಬಿಟ್ಟಿದಾನೆ” ಅಂತ ಆ ತಾಯಿ ಹೇಳಿದಳು. ಒಳ್ಳೆಯ ಹೆಣ್ಣುಮಗಳು. ಆದರೆ ನಮ್ಮ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ತೋಟದ ತುಂಬ ಜನ ಸಿಮೆಂಟಿನ ಮಂದಿಯ ಹೆಗಲ ಮೇಲೆ ಕೈ ಹಾಕುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಕೂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಸಿಮೆಂಟಿನ ಮನುಷ್ಯನಿಗೆ ಮೈಲಿಗೆ ಇಲ್ಲ. ಅವನ ಜಾತಿ ಕೇಳಿ ಯಾರೂ ಹೆಗಲಿಗೆ ಕೈ ಹಾಕುವುದಿಲ್ಲ. ಸಿಮೆಂಟಿಗೆ ಸಿಕ್ಕ ಮರ್ಯಾದೆ ಮಾಂಸಕ್ಕೆ ಯಾವಾಗ ಸಿಗುತ್ತದೆ?

ಕ್ಷೌರ ಅನ್ನುವ ಕಸುಬನ್ನೇ ತಗೊಳ್ಳಿ. ಹಳೆಯ ಹಳ್ಳಿಯ ಯಾವ ಚಿತ್ರದಲ್ಲೂ ಮರದ ಕೆಳಗೆ ಕೂತು ಕೂದಲು ತೆಗೆಯುವವನು ಇರುತ್ತಾನೆ. ನೋಡಲಿಕ್ಕೆ ಚೆಂದ. ಆದರೆ ಆ ಕತ್ತರಿ ಯಾರ ತಲೆ ಮುಟ್ಟುತ್ತಿತ್ತು, ಯಾರ ತಲೆ ಮುಟ್ಟುತ್ತಿರಲಿಲ್ಲ ಅನ್ನುವುದು ಚಿತ್ರದೊಳಗೆ ಬರುವುದಿಲ್ಲ. ಇದು ಆಯಿಯ ಕಾಲದ ಕತೆ ಅಂತ ಯಾರಾದರೂ ಅಂದರೆ ಮರಕುಂಬಿಯ ಹೆಸರು ಹೇಳಬೇಕಾಗುತ್ತದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಆ ಊರಲ್ಲಿ ಕ್ಷೌರದ ಅಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ತಂಟೆ ಬೆಳೆದು, 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿದ್ದು 1950ರಲ್ಲಿ. ಒಂದು ಕತ್ತರಿ ಒಂದು ತಲೆಯನ್ನು ಮುಟ್ಟಲಿಕ್ಕೆ ಎಷ್ಟು ವರ್ಷ ಬೇಕು ಗೆಳೆಯರೆ?

ಇನ್ನು ನಮ್ಮ ಕಸುಬು. ತೊಗಲು.

ತೊಗಲು ಹದ ಮಾಡುವುದು ಅಂದರೆ ಒಂದು ಶಾಸ್ತ್ರ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ದಿನಗಟ್ಟಲೆ ನೆನೆ ಹಾಕಬೇಕು, ಕೂದಲು ಸಡಿಲಾದ ಮೇಲೆ ಹೆರೆಯಬೇಕು, ಸುಣ್ಣ ಹೋಗುವಂತೆ ತೊಳೆಯಬೇಕು. ಆಮೇಲೆ ತಂಗಡಿ ಗಿಡದ ತೊಗಟೆ ಕುಟ್ಟಿ ಅದರ ರಸದಲ್ಲಿ ನೆನೆಸಬೇಕು. ಯಾವಾಗ ಎತ್ತಬೇಕು ಅನ್ನುವುದು ಗಡಿಯಾರಕ್ಕೆ ಗೊತ್ತಾಗುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದರು. ನಮ್ಮ ಮುತ್ತಜ್ಜ ಅದನ್ನು ಬರೆಯಲು ಬಾರದೆ ಬಲ್ಲವನಾಗಿದ್ದ. ಆತ ಮಾಡಿದ ಮಿಣಿ ಇಲ್ಲದೆ ಊರಿನ ಎತ್ತು ನೊಗ ಹೊರುತ್ತಿರಲಿಲ್ಲ. ಆತ ಹೊಲಿದ ಮೆಟ್ಟು ಇಲ್ಲದೆ ಗೌಡ ಹೊಲಕ್ಕೆ ಹೋಗುತ್ತಿರಲಿಲ್ಲ. ಪಂಪು ಬರುವುದಕ್ಕೆ ಮೊದಲು ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಗೂ ತೊಗಲಿನ ಚೀಲವೇ ಬೇಕಿತ್ತು. ಚೀಲ ಬಾವಿಗೆ ಇಳಿಯಬಹುದಿತ್ತು, ಚೀಲ ಹೊಲಿದವನು ಇಳಿಯಬಾರದಿತ್ತು. ಸತ್ತ ಎಮ್ಮೆಯ ತೊಗಲಿಗೆ ಇಲ್ಲದ ಮೈಲಿಗೆ ಬದುಕಿದ ಮನುಷ್ಯನ ತೊಗಲಿಗೆ ಹತ್ತಿತ್ತು.

ಈಗ ಹೇಳಿ, ಈ ಕಸುಬಿಗೆ ಶಿಲ್ಪ ಬೇಕೋ ಬೇಡವೋ? ಓಣಿಯಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಇದೆ. ಆ ಜಗಳ ಅಂದು ಗಿಡದ ನೆರಳಲ್ಲಿಯೂ ನಡೆಯಿತು. ಮಾಸ್ತರ ಗೆಳೆಯ ಅಂದ: “ಬೇಕು. ನಮ್ಮ ಹಿರೇರಿಗೆ ವಿದ್ಯಾ ಇತ್ತು ಅನ್ನೂದು ನಮ್ಮ ಹುಡುಗರಿಗೆ ಗೊತ್ತಾಗಬೇಕು. ನಾವು ಬರೇ ಒದೆ ತಿಂದವರಲ್ಲ, ಊರಿಗೆ ಊರನ್ನ ನಡೆಸಿದವರು.” ಗೌಂಡಿ ಗೆಳೆಯ ಅಂದ: “ಬ್ಯಾಡ. ಎಷ್ಟು ಕಷ್ಟಪಟ್ಟು ಅದನ್ನ ಬಿಟ್ಟೇವಿ. ಮತ್ತ ಅದರ ಮುಂದ ಕುಂತ ಗೊಂಬಿ ಯಾಕ? ಅದನ್ನ ನೋಡಿ ನಾಳೆ ಯಾರರೇ, ಇವರ ಕೆಲಸ ಇದು ಅಂದರ?” ಇಬ್ಬರ ಮಾತೂ ನಮ್ಮ ಎದೆಗೆ ನಾಟಿತು. ಬೇರೆ ಕಸುಬುಗಳು ಸತ್ತಾಗ ಪತ್ರಿಕೆಗಳಲ್ಲಿ ಮರುಗುತ್ತಾರೆ. ಕುಂಬಾರನ ತಿಗರಿ ನಿಂತಿತು, ಕಮ್ಮಾರನ ಕುಲುಮೆ ಆರಿತು ಅಂತ ಬರೆಯುತ್ತಾರೆ. ಸತ್ತ ದನ ಹೊರುವುದನ್ನು ನಾವು ಬಿಟ್ಟಾಗ ಊರು ಮರುಗಲಿಲ್ಲ, ಸಿಟ್ಟಿಗೆದ್ದಿತು. 1927ರಲ್ಲಿ ಮಹಾಡದ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನ ಹೊರುವುದನ್ನು, ಅದರ ಬಾಡು ತಿನ್ನುವುದನ್ನು ಬಿಡಿ ಅಂದರು. ಆ ಮಾತು ನಮ್ಮ ಓಣಿಗಳಿಗೆ ನಡೆದು ಬರಲು ಐವತ್ತು ವರ್ಷ ಬೇಕಾಯಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡು ಕೇಳಿದ ಮೇಲೆ ಎಷ್ಟೋ ಓಣಿಗಳಲ್ಲಿ ಅದು ನಿಂತಿತು. ಹಾಗೆ ನಿಲ್ಲಿಸಿದವರಿಗೆ ಕೂಲಿ ನಿಂತಿತು, ಅಂಗಡಿ ಮುಚ್ಚಿತು, ದಾರಿ ಬಂದಾಯಿತು. ಒಂದು ಕಸುಬು ಸಾಯುವುದು ಯಾವಾಗಲೂ ನಷ್ಟ ಅಲ್ಲ. ಕೆಲವು ಸಲ ಅದು ಬಿಡುಗಡೆ. ಹಳ್ಳಿಯ ನೆನಪನ್ನು ಕಾಪಾಡುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೈಯ ವಿದ್ಯೆಗೆ ಮರ್ಯಾದೆ ಇರಲಿ. ಆ ವಿದ್ಯೆಯನ್ನು ಹುಟ್ಟಿಗೆ ಕಟ್ಟಿಹಾಕಿದ ಹಗ್ಗಕ್ಕೆ ಹೂ ಮುಡಿಸುವುದು ಬೇಡ.

ಹಲಗೆಯದೂ ಇದೇ ಕತೆ. ಗೋಟಗೋಡಿಯಲ್ಲಿಯೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ, 2011ರಲ್ಲಿ ಆರಂಭವಾದದ್ದು. ಜನರ ಹಾಡು, ಜನರ ಆಟ ವಿಶ್ವವಿದ್ಯಾಲಯದ ಪಾಠ ಆದದ್ದು ನಮಗೆ ಸಂತೋಷವೇ. ಅದೇ ಹಲಗೆ ವೇದಿಕೆ ಹತ್ತಿದರೆ ಜಾನಪದ ಕಲೆ, ಶಾಲು ಹಾರ ಫಲಕ. ವೇದಿಕೆ ಇಳಿದು ಊರಿಗೆ ಬಂದರೆ ಬಿಟ್ಟಿ ಚಾಕರಿ. ಹೆಣದ ಮುಂದೆ ಬಾರಿಸು, ಜಾತ್ರೆಯಲ್ಲಿ ಬಾರಿಸು, ಬಾರಿಸಿ ದೂರ ನಿಲ್ಲು. ಕಲೆ ಒಂದೇ, ತೊಗಲು ಒಂದೇ, ಬಾರಿಸುವ ಕೈ ಒಂದೇ. ಬದಲಾಗುವುದು ಬಾರಿಸು ಅನ್ನುವವನ ದನಿ. ಬಾರಿಸುವುದಿಲ್ಲ ಅನ್ನುವ ಹಕ್ಕು ಇದ್ದಾಗ ಮಾತ್ರ ಹಲಗೆ ಕಲೆ. ಆ ಹಕ್ಕು ಇಲ್ಲದಾಗ ಅದು ಜೀತ. ಜಾನಪದ ಓದುವ ಗೆಳೆಯರು ತಾಳದ ಜೊತೆ ಈ ದನಿಯನ್ನೂ ದಾಖಲು ಮಾಡಬೇಕು.

ತೋಟಕ್ಕೆ ಬಂದವರಲ್ಲಿ ಬಹಳ ಜನ ಹಳ್ಳಿಯಿಂದ ನಗರಕ್ಕೆ ಹೋದವರೇ. ಅವರ ಕಣ್ಣಲ್ಲಿ ನೀರಾಡುವುದನ್ನು ಕಂಡೆವು. “ನಮ್ಮ ಊರು ಹಿಂಗೇ ಇತ್ತು” ಅಂತ ಒಬ್ಬರು ಮಕ್ಕಳಿಗೆ ತೋರಿಸುತ್ತಿದ್ದರು. ಅವರ ನೆನಪು ಸುಳ್ಳಲ್ಲ. ಅವರಿಗೆ ಊರು ಹಾಗೇ ಇತ್ತು. ತಾಯಿಯ ರೊಟ್ಟಿ, ಎತ್ತಿನ ಗಂಟೆ, ಸುಗ್ಗಿಯ ಕಣ. ನಮಗೂ ತಾಯಿಯ ರೊಟ್ಟಿ ಇತ್ತು. ಆದರೆ ಕಣದಲ್ಲಿ ನಾವು ರಾಶಿಯ ಯಾವ ಬದಿಗೆ ನಿಂತಿದ್ದೆವು? ಹೊಟ್ಟು ತೂರುವ ಬದಿಗೆ. ರಾಶಿ ಮನೆಗೆ ಹೋದ ಮೇಲೆ ನೆಲದ ಮಣ್ಣಿನೊಳಗೆ ಉಳಿದ ಕಾಳು ಬಳಿದುಕೊಳ್ಳುವ ಬದಿಗೆ. ಒಂದೇ ಊರನ್ನು ಬಿಟ್ಟು ಬಂದ ಇಬ್ಬರಲ್ಲಿ ಒಬ್ಬ ಏನನ್ನೋ ಕಳಕೊಂಡ, ಇನ್ನೊಬ್ಬ ಏನನ್ನೋ ಕಳಚಿಕೊಂಡ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತಾ ಅಂಬೇಡ್ಕರ್ ಹಳ್ಳಿಯ ಬಗ್ಗೆ ಕಟುವಾಗಿ ಮಾತಾಡಿದರು. ಹಳ್ಳಿಯನ್ನು ಗಣರಾಜ್ಯ ಅಂತ ಹೊಗಳುವವರಿಗೆ, ಅದು ಸಂಕುಚಿತ ಬುದ್ಧಿಯ, ಅಜ್ಞಾನದ, ಜಾತಿ ಮತದ ಗೂಡು ಅನ್ನುವ ಅರ್ಥದ ಉತ್ತರ ಕೊಟ್ಟರು. ಸಂವಿಧಾನದ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷ ಅಂದರು. ಹಲವರಿಗೆ ಅಂದು ಬೇಸರವಾಯಿತು. ನಮ್ಮ ಆಯಿ ಆ ಭಾಷಣ ಓದಿದವಳಲ್ಲ. ಆದರೆ ಬೈಯದ ಊರು ಸಿಮೆಂಟಿನದ್ದೇ ಇರಬೇಕು ಅಂತ ಆಕೆಗೆ ಗೊತ್ತಿತ್ತು.

ಶಿಗ್ಗಾವಿಗೆ ಹತ್ತಿಕೊಂಡೇ ಸವಣೂರು. 2010ರ ಜುಲೈಯಲ್ಲಿ ಆ ಊರಿನ ಭಂಗಿ ಸಮುದಾಯದವರು ಪುರಸಭೆಯ ಎದುರು ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಹೊತ್ತವರನ್ನು ಇದ್ದ ಜಾಗದಿಂದಲೂ ಎಬ್ಬಿಸಲು ಹೊರಟಾಗ ಅವರಿಗೆ ಉಳಿದ ಭಾಷೆ ಅದೊಂದೇ ಆಗಿತ್ತು. ತಲೆಯ ಮೇಲೆ ಮಲ ಹೊರಿಸಬಾರದು ಅಂತ 1993ರಲ್ಲೇ ಕಾನೂನು ಬಂದಿತ್ತು. 2013ರಲ್ಲಿ ಇನ್ನೊಂದು ಬಂತು. ಅಂದು ಪುರಸಭೆಯ ಎದುರು ನಿಂತ ಆ ಮನುಷ್ಯರೂ ಬಯಲಲ್ಲಿ ನಿಂತ ಶಿಲ್ಪಗಳೇ. ಯಾರೂ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಲಿಲ್ಲ. ಜನ ಮೂಗು ಮುಚ್ಚಿಕೊಂಡರು. ನಾಡಿನ ಮೂಗು ಮುಚ್ಚಿಸಿದ, ಕಣ್ಣು ತೆರೆಸಿದ ಆ ಗಳಿಗೆಗೆ ಯಾವ ತೋಟದಲ್ಲಿ ಜಾಗ ಮಾಡುತ್ತೀರಿ?

ಈ ಮಣ್ಣಿಗೆ ಪ್ರಶ್ನೆ ಹೊಸದಲ್ಲ. ಇದೇ ತಾಲೂಕಿನ ಬಾಡದಲ್ಲಿ ಕನಕ ಹುಟ್ಟಿದ, ಕುಲದ ಬೇರನ್ನೇ ಕೆದಕಿ ಕೇಳಿದ. ಇದೇ ತಾಲೂಕಿನ ಶಿಶುವಿನಹಾಳದಲ್ಲಿ ಷರೀಫರು ಹಾಡಿದರು, ಮುಸಲ್ಮಾನ ಶಿಷ್ಯ ಬ್ರಾಹ್ಮಣ ಗುರುವಿನ ಕೈ ಹಿಡಿದು ನಡೆದ. ನಮ್ಮ ಪ್ರಶ್ನೆಯೂ ಅದೇ ಹಾದಿಯದು.

ಇನ್ನೊಂದು ಸಂಗತಿ ಹೇಳಬೇಕು. ಶಿಲ್ಪ ನಿಲ್ಲಿಸುವುದನ್ನು ನಾವೂ ಬಲ್ಲೆವು. ಯಾವ ಕೇರಿಗೆ ಬೇಕಾದರೂ ಹೋಗಿ, ಬಾಯಲ್ಲಿ ಅಥವಾ ಬಸ್ಸು ನಿಲ್ಲುವ ಕೂಟಿನಲ್ಲಿ ಒಂದು ಪ್ರತಿಮೆ ನಿಂತಿರುತ್ತದೆ. ನೀಲಿ ಕೋಟು, ಕನ್ನಡಕ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಮುಂದಕ್ಕೆ ಚಾಚಿ ಬೆರಳು ತೋರಿದ್ದು. ಹೆಚ್ಚಿನವು ಪಟ್ಟಿ ಹಾಕಿ ಮಾಡಿಸಿದವು. ಕೂಲಿಯವರು ಒಂದೊಂದು ದಿನದ ಪಗಾರ ಕೊಟ್ಟು ಮಾಡಿಸಿದವು. ಮೂಗು ಸರಿ ಬಂದಿರುವುದಿಲ್ಲ, ಕೈ ಕೊಂಚ ಉದ್ದ ಆಗಿರುತ್ತದೆ. ಕಲಾ ವಿಮರ್ಶಕರು ಅದರ ಮುಂದೆ ನಿಲ್ಲುವುದಿಲ್ಲ. ಆದರೆ ರಾತ್ರಿ ಬಂದು ಅದನ್ನು ಒಡೆಯುವವರು, ಅದಕ್ಕೆ ಸಗಣಿ ಬಳಿಯುವವರು ಇದ್ದಾರೆ. ಅದಕ್ಕೇ ಎಷ್ಟೋ ಕಡೆ ಅದರ ಸುತ್ತ ಕಬ್ಬಿಣದ ಪಂಜರ. ಹಳ್ಳಿಯ ಹಳೆಯ ಕಸುಬಿನ ಶಿಲ್ಪವನ್ನು ಯಾರೂ ಒಡೆಯಲು ಬರುವುದಿಲ್ಲ. ಈ ಪ್ರತಿಮೆಯನ್ನು ಯಾಕೆ ಒಡೆಯುತ್ತಾರೆ? ನಮ್ಮ ಗೌಂಡಿ ಗೆಳೆಯ ಬಸ್ಸಿನಲ್ಲಿ ಬರುವಾಗ ಒಂದೇ ಮಾತಲ್ಲಿ ಹೇಳಿದ: “ಅದರ ಕೈಯಾಗ ಸಲಕರಣಿ ಇಲ್ಲಲ್ಲ, ಅದಕ್ಕ.”

ಖರೆ. ಬೇರೆಯವರು ನಮ್ಮನ್ನು ಮಾಡಿದಾಗ ನಮ್ಮ ಕೈಗೆ ಸಲಕರಣೆ ಕೊಡುತ್ತಾರೆ. ನಾವು ನಮ್ಮ ದುಡ್ಡಲ್ಲಿ ಮಾಡಿಸಿದ ಮೊದಲ ಶಿಲ್ಪದ ಕೈಗೆ ಪುಸ್ತಕ ಕೊಟ್ಟೆವು. ಸಲಕರಣೆಗೆ ಅವಮಾನ ಅಂತ ಅಲ್ಲ. ಸಲಕರಣೆ ಹಿಡಿದೇ ನಮ್ಮ ಅಪ್ಪ ನಮ್ಮನ್ನು ಓದಿಸಿದ. ಆದರೆ ಯಾವ ಕೈಗೆ ಯಾವುದು ಅನ್ನುವುದನ್ನು ಹುಟ್ಟು ನಿರ್ಧರಿಸಬಾರದು ಅಂತ ಆ ಚಾಚಿದ ಬೆರಳು ಹೇಳುತ್ತದೆ. ಆ ಬೆರಳು ಕೆಲವರ ಕಣ್ಣಿಗೆ ಚುಚ್ಚುತ್ತದೆ.

ಹಳ್ಳಿ ಶಾಲೆಗಳ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. ಮಕ್ಕಳನ್ನು ಇಂಥ ಜಾಗಗಳಿಗೆ ಕರೆದುಕೊಂಡು ಹೋಗಿ, ಖಂಡಿತಾ ಹೋಗಿ. ಗೋಟಗೋಡಿಗೂ ಹೋಗಿ. ಆ ಬೆನ್ನುಗಳನ್ನು, ಆ ಕೈಗಳನ್ನು ಮಕ್ಕಳು ನೋಡಲಿ. ತಮ್ಮ ಅಜ್ಜ ಅಜ್ಜಿಯರು ದುಡಿದ ಬಗೆ ತಿಳಿಯಲಿ. ಕುಂಬಾರ, ಕಮ್ಮಾರ ಅಂತ ಹೆಸರು ಬರೆಸಿ ಬಸ್ಸು ಹತ್ತಿಸಬೇಡಿ. ಒಂದೊಂದು ಶಿಲ್ಪದ ಮುಂದೆ ನಿಲ್ಲಿಸಿ ಕೇಳಿ: ಈ ಮನುಷ್ಯ ಸಂಜೆ ಕೆಲಸ ಮುಗಿಸಿ ಯಾವ ಓಣಿಗೆ ಹೋಗುತ್ತಾನೆ? ಇವನು ಯಾವ ಬಾವಿಯ ನೀರು ಕುಡಿಯುತ್ತಾನೆ, ಯಾರು ಸೇದಿ ಕೊಡುತ್ತಾರೆ? ಇವನಿಗೆ ಕೂಲಿ ದುಡ್ಡಿನಲ್ಲೋ ಕಾಳಿನಲ್ಲೋ, ಅಳೆಯುವ ಸೇರು ಯಾರ ಕೈಯಲ್ಲಿ? ಇವಳು ಮಾಡಿದ ರೊಟ್ಟಿ ಊರಲ್ಲಿ ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ? ಇವರ ಮಗಳು ಸಾಲಿಗೆ ಹೋದಳೋ? ಹೋದರೆ ಎಲ್ಲಿ ಕೂತಳು? ಉತ್ತರ ಗೊತ್ತಿಲ್ಲದಿದ್ದರೆ ಮನೆಗೆ ಹೋಗಿ ಮುದುಕರನ್ನು ಕೇಳಿ ಬರಲು ಹೇಳಿ. ಸಿಮೆಂಟಿಗೆ ಬಾರದ ಬಾಯಿ ಆ ಮುದುಕರಿಗೆ ಇದೆ. ಸಿಮೆಂಟಿಗೆ ಬಾರದ ಅಂತರವನ್ನು ಅವರು ಹೆಜ್ಜೆ ಎಣಿಸಿ ಹೇಳುತ್ತಾರೆ. ಅವರು ಹೋಗಿಬಿಟ್ಟರೆ ಉಳಿಯುವುದು ಚೆಂದದ ಊರೊಂದೇ.

ಬರುವ ವರ್ಷ ಓಣಿಯ ಮಕ್ಕಳನ್ನು ಕಟ್ಟಿಕೊಂಡು ನಾವೂ ಹೋಗುವವರಿದ್ದೇವೆ. ಮಾಸ್ತರ ಗೆಳೆಯ ಪ್ರಶ್ನೆಗಳ ಪಟ್ಟಿ ಬರೆಯಲು ಶುರು ಮಾಡಿದ್ದಾನೆ. ಅದಕ್ಕೆ ಊರೊಳಗಿನ ಮಕ್ಕಳೂ ಬರಬೇಕು ಅನ್ನುವುದು ಅವನ ಹಟ. ಕೇಳುವವರೂ ಕೇಳಿಸಿಕೊಳ್ಳುವವರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋಗಬೇಕು ಅಂತ. ಯಾರ ಯಾರ ಮನೆಯಿಂದ ಮಕ್ಕಳನ್ನು ಕಳಿಸುತ್ತಾರೋ ನೋಡಬೇಕು. ನಿಮ್ಮ ಶಾಲೆಯಲ್ಲೂ ಇದನ್ನು ಮಾಡಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಮುದುಕರು ಕೊಟ್ಟ ಉತ್ತರಗಳನ್ನೂ ಬರೆದು ಈ ಪತ್ರಿಕೆಗೆ ಕಳಿಸಿಕೊಡಿ. ಅಕ್ಷರ ತಪ್ಪಿದ್ದರೂ ಚಿಂತೆಯಿಲ್ಲ.